ದೊಡ್ಡಿಯ ಹೆಜ್ಜೆ

ಬೀಗ ಬಗ್ಗಲಿಲ್ಲ. ಕುರಿಗಾರ ಸುತ್ತಿಗೆಯ ಕಾವನ್ನು ಕೊಂಡಿಯೊಳಗೆ ತೂರಿಸಿ ಇನ್ನೊಮ್ಮೆ ಮೀಟಿದ. ಗೋಡೆಯಾಚೆಯ ಕೋಣೆಯಲ್ಲಿ ಅವನ ಅಣ್ಣನ ಹೆಣವಿತ್ತು. ಮಣ್ಣು ಮಾಡುವುದರೊಳಗೆ ಈ ಪೆಟ್ಟಿಗೆ ತೆರೆಯಬೇಕು. ಆಮೇಲೆ ತೋಳದ ಕಚೇರಿಯ ಮೇಡಂ ಇದನ್ನು ಜೀಪಿಗೆ ಹಾಕಿಕೊಂಡು ಹೋಗುತ್ತಾರೆ; ಅಣ್ಣನ ಸುಳ್ಳೂ ಅದರ ಜೊತೆಗೇ ಹೋಗುತ್ತದೆ.

"ಹೆಣ ಇನ್ನೂ ಮನೇಲಿದೆ. ಅಷ್ಟರಲ್ಲೇ ಕಳ್ಳತನಕ್ಕೆ ಇಳಿದ್ಯಾ?" ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು.

"ನನ್ನ ಹನ್ನೊಂದು ಕುರಿ ಕೊಂದಿದ್ದು ಯಾವುದು ಅಂತ ಈ ಪೆಟ್ಟಿಗೇಲಿದೆ ಅತ್ತಿಗೆ. ಆ ಹೆಜ್ಜೆ ಅಚ್ಚು ಎಲ್ಲರಿಗೂ ತೋರಿಸ್ತೀನಿ. ಆಮೇಲೆ ಹೆಗಲು ಕೊಡ್ತೀನಿ."

"ಕೇಳಿದ್ರೆ ಬೀಗದ ಕೈ ನಾನೇ ಕೊಡ್ತಿದ್ದೆ," ಎಂದು ಅವಳು ಸೊಂಟದಿಂದ ಕೀಲಿ ತೆಗೆದು ಎಸೆದಳು.

ಅದೂ ಅವನಿಗೆ ಹಿಡಿಸಲಿಲ್ಲ. ಇಷ್ಟು ಸಲೀಸಾಗಿ ಕೊಡುತ್ತಾಳೆಂದರೆ ತೆಗೆಯಬೇಕಾದ್ದನ್ನು ಆಗಲೇ ತೆಗೆದು ಮುಚ್ಚಿಟ್ಟಿದ್ದಾಳೆ ಎಂದುಕೊಂಡ.

* * *

ತೋಳದ ಕಚೇರಿಯಲ್ಲಿ ಅಣ್ಣನದು ತೋಳ ಎಣಿಸುವ ಕೆಲಸ. ಹಿಂದಿನವರು ಒಂದೂ ಉಳಿಯದಂತೆ ಹೊಡೆದು ಮುಗಿಸಿದ್ದ ಬೆಟ್ಟಕ್ಕೆ ಎಲ್ಲಿಂದಲೋ ಎರಡು ತೋಳ ತಾವಾಗಿ ಬಂದ ವರ್ಷ ಅವನು ಕೆಲಸಕ್ಕೆ ಸೇರಿದ. ಅವನು ಸಾಯುವಾಗ ಒಂಬತ್ತಿದ್ದವು. ಸಂಜೆ ಗುಡ್ಡದ ನೆತ್ತಿಯಲ್ಲಿ ನಿಂತು, ಬಾಯಿಗೆ ಅಂಗೈ ಹಿಡಿದು ಊಳಿಡುತ್ತಿದ್ದ. ಬಂದ ಮರುದನಿ ಕೇಳಿ ದೊಡ್ಡವೆಷ್ಟು, ಮರಿಯೆಷ್ಟು ಎಂದು ಬರೆದುಕೊಳ್ಳುತ್ತಿದ್ದ. ಊರವರು ಅವನಿಗೆ ಊಳಪ್ಪ ಎಂದೇ ಹೆಸರಿಟ್ಟರು. ಕೆಸರಲ್ಲಿ ಹೆಜ್ಜೆ ಕಂಡರೆ ಪ್ಲಾಸ್ಟರ್ ಕಲಸಿ ಸುರಿದು, ಗಟ್ಟಿಯಾದ ಮೇಲೆ ಅಚ್ಚು ಎತ್ತಿ ಪೆಟ್ಟಿಗೆಯಲ್ಲಿಡುತ್ತಿದ್ದ. ಕುರಿ ಕೊಂದದ್ದು ತೋಳವಾಗಲಿ ನಾಯಿಯಾಗಲಿ, ಗುರುತು ಸಿಕ್ಕರೆ ಗುಂಡು. ಅದು ಕಚೇರಿಯ ಕಟ್ಟಳೆ.

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ತಮ್ಮನ ದೊಡ್ಡಿಯಲ್ಲಿ ಹನ್ನೊಂದು ಕುರಿ ಗಂಟಲು ಹರಿದು ಬಿದ್ದಿದ್ದವು. ಅವನ ಕಾವಲುನಾಯಿ ಮೊಂಡ ಮೂತಿಯೆಲ್ಲ ರಕ್ತ ಮಾಡಿಕೊಂಡು ಬೇಲಿಯ ಹತ್ತಿರ ಮಲಗಿತ್ತು. ಪಾಪ, ತೋಳದ ಜೊತೆ ಕಾದಾಡಿದೆ ಎಂದು ಅವನು ಅದರ ತಲೆ ಸವರಿದ. ಅಣ್ಣ ಬಂದವನು ಮಂಡಿಯೂರಿ ಒಂದು ಅಚ್ಚು ತೆಗೆದ. ಆಮೇಲೆ ಬಕೆಟ್ಟಿನಲ್ಲಿ ನೀರು ತಂದು ನಾಯಿಯ ಮೂತಿ ತೊಳೆದ. ಕೊನೆಗೆ ದೊಡ್ಡಿಯ ಸುತ್ತ ನಡೆದು ಉಳಿದ ಹೆಜ್ಜೆಗಳನ್ನೆಲ್ಲ ಬೂಟಿನಿಂದ ಉಜ್ಜಿ ಅಳಿಸಿದ.

"ಯಾಕೋ ಅಳಿಸ್ತಿದ್ದೀಯ?"

"ಯಾವುದೋ ಬೀದಿನಾಯಿ ಕಣೋ. ಬಿಟ್ಟುಬಿಡು."

"ನಿನ್ನ ತೋಳ ಉಳಿಸ್ಕೊಳ್ಳೋಕೆ ನನ್ನ ಕಣ್ಣಿಗೇ ಮಣ್ಣೆರಚ್ತೀಯಾ?"

ಅಣ್ಣ ಬಕೆಟ್ಟು ಎತ್ತಿಕೊಂಡು ಹೊರಟುಹೋದ. ಅವತ್ತಿಗೆ ಮಾತು ಮುರಿಯಿತು. ಅಣ್ಣ ಸುಳ್ಳುಗಾರ ಎಂದು ಕುರಿಗಾರ ಊರೆಲ್ಲ ಸಾರಿದ. ಆಮೇಲೆ ಚಹಾದಂಗಡಿಯ ಬೆಂಚಿನಲ್ಲಿ ಊಳಪ್ಪ ಕೂತರೆ ಪಕ್ಕದವರು ಎದ್ದುಹೋಗುತ್ತಿದ್ದರು.

* * *

ಪೆಟ್ಟಿಗೆಯಲ್ಲಿ ಒಂದೊಂದು ಅಚ್ಚಿಗೂ ಹಳೆ ಪಂಚೆಯ ತುಂಡು ಸುತ್ತಿ, ತಾರೀಕಿನ ಚೀಟಿ ಕಟ್ಟಿತ್ತು. ಅವನಿಗೆ ಬೇಕಾದ ತಾರೀಕು ತಳದಲ್ಲಿ ಸಿಕ್ಕಿತು. ಅಷ್ಟರಲ್ಲಿ ಮೇಡಂ ಒಳಬಂದು, ಅವನ ಕೈಯಿಂದ ಚೀಟಿ ಇಸಕೊಂಡು ಓದಿದರು. "'ನಾಯಿ. ಯಾರದ್ದೆಂದು ಗೊತ್ತಿಲ್ಲ.' ವಿಚಿತ್ರ ಕಣ್ರೀ. ಹೆಜ್ಜೆ ನೋಡಿ ವಯಸ್ಸು ಹೇಳೋ ಮನುಷ್ಯ ಗೊತ್ತಿಲ್ಲ ಅಂತ ಬರೆದಿದ್ದು ಇದೊಂದೇ."

ಕುರಿಗಾರ ಬಟ್ಟೆ ಬಿಚ್ಚಿ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದ. ನಾಲ್ಕು ಬೆರಳಿರಬೇಕಾದಲ್ಲಿ ಮೂರಿದ್ದವು. ಹೊರಬದಿಯದು ಇರಲಿಲ್ಲ.

ಮೊಂಡ ಮರಿಯಾಗಿದ್ದಾಗ ತಂತಿಯ ಉರುಳಿಗೆ ಸಿಕ್ಕಿ ಮುಂಗಾಲಿನ ಆ ಬೆರಳು ಕಳೆದುಕೊಂಡಿತ್ತು. ಉರುಳು ಬಿಡಿಸಿ, ಅಂಗಿಯೊಳಗೆ ಹಾಕಿಕೊಂಡು ತಂದು ತಮ್ಮನಿಗೆ ಕೊಟ್ಟವನು ಅಣ್ಣನೇ. ಅವತ್ತು ತೊಳೆದ ಮೂತಿಯಲ್ಲಿ ಒಂದು ತರಚು ಗಾಯವೂ ಇರಲಿಲ್ಲ ಎಂಬುದು ಕುರಿಗಾರನಿಗೆ ಈಗ ನೆನಪಾಯಿತು.

ಮೇಡಂ ಅಚ್ಚನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ತಮ್ಮ ಚೀಲಕ್ಕೆ ಹಾಕಿಕೊಂಡರು.

ಅಂಗಳದಲ್ಲಿ ಕಾಯುತ್ತಿದ್ದ ಕಟುಕ, "ಸಿಕ್ತಾ? ತೋಳ ತಾನೆ?" ಎಂದ.

"ನಾಯಿ," ಎಂದ ಕುರಿಗಾರ. "ಅಣ್ಣ ಸುಳ್ಳು ಹೇಳಿರಲಿಲ್ಲ."

"ಯಾರ ನಾಯಿ?"

ಅವನು ಹೋಗಿ ಚಟ್ಟದ ಮುಂದಿನ ಹೆಗಲಿಗೆ ನಿಂತ. ನಾಲ್ಕನೆಯ ಹೆಗಲು ಸಿಗದೆ ಜೀಪಿನ ಡ್ರೈವರನನ್ನು ಕರೆಯಬೇಕಾಯಿತು.

ಗುಂಡಿಯ ಪಕ್ಕ ಹಸಿ ಮಣ್ಣು ಗುಡ್ಡೆ ಬಿದ್ದಿತ್ತು. ಹೆಣ ಇಳಿಸುವಾಗ ಮೊಂಡ ಜನರ ಕಾಲುಗಳ ನಡುವೆ ನುಸುಳಿ ಬಂದು, ಆ ಗುಡ್ಡೆ ಹತ್ತಿ, ಗುಂಡಿಯೊಳಗೆ ಇಣುಕಿ, ಇಳಿದು ಹೋಯಿತು.

"ನಿಮ್ಮ ನಾಯೀನಾ?" ಹಿಂದಿನಿಂದ ಮೇಡಂ ಕೇಳಿದರು. "ಮುಂಗಾಲು ಸ್ವಲ್ಪ ಎಳೆಯುತ್ತಲ್ಲ?"

"ವಯಸ್ಸಾಯ್ತು ಮೇಡಂ."

ಅವರು ಮಣ್ಣಿನ ಕಡೆ ಬರುತ್ತಿದ್ದರು. ಅವರ ಕೈ ಅಚ್ಚಿದ್ದ ಚೀಲದೊಳಗಿತ್ತು. ಕುರಿಗಾರ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅಣ್ಣನ ಮೇಲೆ ಹಾಕಿದ. ಇನ್ನೊಂದು ಹಿಡಿಗೆಂದು ಕಾಲು ಮುಂದಿಟ್ಟವನು, ತಲೆ ಎತ್ತದೆ, ನಾಯಿ ನಿಂತಿದ್ದ ಜಾಗವನ್ನೆಲ್ಲ ಚಪ್ಪಲಿಯಿಂದ ಉಜ್ಜುತ್ತ ಹೋದ.