ಚಟ್ನಿಪುಡಿಗೆ ಡ್ರೈವಿಂಗ್ ಲೈಸೆನ್ಸ್

ಆವರಗೆರೆಯ ಉಡಚಮ್ಮನ ಮೊಮ್ಮಗಳು ಕೀರ್ತನಾ ಎಂಟನೇ ಕ್ಲಾಸು. ಗುರೆಳ್ಳು ಚಟ್ನಿಪುಡಿ ಮಾಡುವುದನ್ನು ಅಜ್ಜಿಯಿಂದ ಕಲಿತವಳು ಈಗ ಅಜ್ಜಿಗೇ ಉಪ್ಪು ಜಾಸ್ತಿ ಆಯ್ತು ಅನ್ನುವಷ್ಟು ಬೆಳೆದಿದ್ದಳು. ಅವಳಿಗೆ ಒಂದೇ ಆಸೆ, ತನ್ನ ಪುಡಿ ಅಂಗಡಿಯಲ್ಲಿ ಕಾಣಬೇಕು. ಹರಿಹರ ಸ್ಟೇಷನ್ ಹತ್ತಿರ ಅಂಗಡಿ ಇಟ್ಟಿರುವ ಗೌಸ್ ಪೀರ್ ರುಚಿ ನೋಡಿ ತಲೆದೂಗಿದ. ಆದರೆ ಪ್ಯಾಕೆಟ್ ಮೇಲೆ ಲೈಸೆನ್ಸ್ ನಂಬರ್ ಬೇಕು ಅಂದ.

ಉಡಚಮ್ಮನಿಗೆ ಗೊತ್ತಿದ್ದ ಲೈಸೆನ್ಸ್ ಒಂದೇ, ಗೂಡ್ಸ್ ಆಟೋ ಓಡಿಸುವ ಮಗ ಶ್ರೀನಿವಾಸನ ಪರ್ಸಿನಲ್ಲಿರುವುದು. "ಮನ್ಯಾಗೇ ಐತಲ್ಲ, ಹೊಸದು ಯಾಕ?" ಅಂದುಕೊಂಡು, ಮಗ ಸ್ನಾನಕ್ಕೆ ಹೋದ ಹೊತ್ತಿಗೆ ಕಾರ್ಡು ತೆಗೆದು, ಸೊಟ್ಟ ಅಕ್ಷರದಲ್ಲಿ ಎಲ್ಲ ಪ್ಯಾಕೆಟ್ಟಿಗೂ ನಂಬರು ಬರೆದಳು. ಶಾಲೆಯಿಂದ ಬಂದ ಕೀರ್ತನಾ, ಅಜ್ಜಿ ಹೇಗೋ ಲೈಸೆನ್ಸ್ ತಂದಳೆಂದು ಕುಣಿದಾಡಿದಳು.

ಶನಿವಾರ ಇಬ್ಬರೂ ಬಸ್ಸು ಹತ್ತಿ ಹರಿಹರಕ್ಕೆ ಹೋದರು. ಗೌಸ್ ಪೀರ್ ಕನ್ನಡಕ ಏರಿಸಿ ಓದಿದ.

"ಕೆಎ ಹದಿನೇಳು... ಅಜ್ಜಿ, ನಿಮ್ಮ ಚಟ್ನಿಪುಡಿ ಗಾಡಿ ಓಡಿಸ್ತೈತೇನ್ರಿ?"

ಅಂಗಡಿಯಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಕೀರ್ತನಾಳ ಕಣ್ಣು ತುಂಬಿತು. ಅದನ್ನು ಕಂಡದ್ದೇ ಉಡಚಮ್ಮನಿಗೆ ಸಿಟ್ಟು ನೆತ್ತಿಗೇರಿತು. ಎರಡು ಹಿಡಿ ಗುರೆಳ್ಳು ಹುರಿಯೋಕೂ ಸರ್ಕಾರನ ಕೇಳಬೇಕಾ, ನಿಮ್ಮ ಅಂಗಡಿಯೇ ಬ್ಯಾಡ ಎಂದು ಚೀಲ ಎತ್ತಿಕೊಂಡಳು.

ಗೌಸ್ ಪೀರ್ ಸ್ಟೂಲ್ ಎಳೆದು ಕೂರಿಸಿದ. ತಿನ್ನುವ ಪದಾರ್ಥ ಮಾರುವವರು ಎಷ್ಟೇ ಸಣ್ಣವರಾದರೂ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಬೇಕು, ಇಷ್ಟು ಸಣ್ಣ ವ್ಯಾಪಾರಕ್ಕೆ ದೊಡ್ಡ ಲೈಸೆನ್ಸ್ ಬೇಕಿಲ್ಲ ಎಂದು ಸಮಾಧಾನದಿಂದ ಹೇಳಿದ. ಫೋಟೋ, ಗುರುತಿನ ಚೀಟಿ ಹಿಡಿದು ಆನ್‌ಲೈನ್ ಸೇವಾ ಕೇಂದ್ರಕ್ಕೆ ಹೋದರೆ ಅರ್ಜಿ ಹಾಕಿಕೊಡುತ್ತಾರೆ. ಆದರೆ ಅದು ಹದಿನೆಂಟು ತುಂಬಿದವರ ಹೆಸರಲ್ಲೇ ಆಗಬೇಕು.

"ಪುಡಿ ಮಾಡೋಳು ಇವಳು. ಹೆಸರು ಮಾತ್ರ ನಂದು ಯಾಕ?" ಉಡಚಮ್ಮ ಇನ್ನೂ ಬಗ್ಗಲಿಲ್ಲ.

"ತಿಂದೋರಿಗೆ ಹೊಟ್ಟೆ ಕೆಟ್ರೆ ಯಾರನ್ನ ಕೇಳ್ಬೇಕು ಅಜ್ಜಿ, ಈ ಮಗುನ್ನಾ? ಆ ನಂಬರ್ ಅಂದ್ರೆ, ಮಗು ಬೆನ್ನಿಗೆ ನಾನದೀನಿ ಅಂತ ದೊಡ್ಡೋರು ಹೇಳೋ ಮಾತು ಕಣ್ರಿ."

ಉಡಚಮ್ಮ ಮೊಮ್ಮಗಳ ಮುಖ ನೋಡಿದಳು. ಸಿಟ್ಟು ಎಲ್ಲಿ ಹೋಯಿತೋ. "ಹಂಗಾದ್ರೆ ನಾನದೀನಿ. ಎಲ್ಲಿಗೆ ಹೋಗ್ಬೇಕು ಹೇಳ್ರಿ" ಅಂದಳು.

ನೋಂದಣಿ ಬಂತು. ಪ್ಯಾಕೆಟ್ಟಿಗೆ ಅಂಟಿಸಿದ ಹೊಸ ಚೀಟಿಯ ಮೇಲೆ ಹದಿನಾಲ್ಕು ಅಂಕಿಯ ನಂಬರು, ಅದರ ಪಕ್ಕ ಉಡಚಮ್ಮನ ಹೆಸರು. ಗೌಸ್ ಪೀರ್ ಅಂಗಡಿಯ ಮುಂದಿನ ಸಾಲಿನಲ್ಲೇ ಪ್ಯಾಕೆಟ್ಟುಗಳು ಕೂತವು. ಅಜ್ಜಿ ಮೊಮ್ಮಗಳು ರಸ್ತೆಯಾಚೆ ನಿಂತು ಕಣ್ತುಂಬ ನೋಡಿದರು. ಶ್ರೀನಿವಾಸ ಮಾತ್ರ ಪರ್ಸನ್ನು ಸ್ನಾನದ ಮನೆಗೂ ಒಯ್ಯತೊಡಗಿದ.

ವ್ಯಾಪಾರ ಕುದುರಿದ ಮೇಲೆ ಒಂದು ಬೆಳಿಗ್ಗೆ ಕೀರ್ತನಾ ಮೆಲ್ಲಗೆ ಬಂದು, ಇವತ್ತೊಂದು ದಿನ ಶಾಲೆ ಬಿಟ್ಟು ಪುಡಿ ಕುಟ್ಟಲಾ ಎಂದು ಕೇಳಿದಳು.

"ಲೈಸೆನ್ಸ್ ಯಾರದು?" ಎಂದಳು ಉಡಚಮ್ಮ.

"ನಿಂದು."

"ಹಂಗಾದ್ರೆ ಮಾಲಕಿ ಮಾತು ಕೇಳು. ಬ್ಯಾಗ್ ತಗಂಡು ಶಾಲೆಗೆ ನಡಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗುವೂ ಏನಾದರೂ ಮಾಡಿ ಮಾರುವ ಹುಮ್ಮಸ್ಸಿನಲ್ಲಿದೆಯೇ? ಬೈದು ಕೂರಿಸಬೇಡಿ. ಶಾಲೆ ಮುಗಿದ ಮೇಲೆ, ರಜೆಯಲ್ಲಿ, ನಿಮ್ಮ ಕಣ್ಣೆದುರು ಮಾಡಲಿ. ತಿಂಡಿ ತಿನಿಸಾದರೆ ಮೊದಲು ನಿಮ್ಮ ಹೆಸರಲ್ಲಿ ನೋಂದಣಿ ಮಾಡಿಸಿ, ಆಮೇಲೆ ಅಂಗಡಿಗೆ ಕಳಿಸಿ. ಮಗುವಿನ ಬೆನ್ನಿಗೆ ನಾನಿದ್ದೀನಿ ಅನ್ನಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಗಾಡಿಯ ಲೈಸೆನ್ಸ್ ಗಾಡಿಗೇ ಇರಲಿ.