ಮುಸುರೆ ಬದಿ

“ಮುಸುರೆ ಬದಿಯನ್ನು ಧಾರಾಳ ತೊಳಿ. ಅದರಲ್ಲಿ ಎಂತ ಉಂಟು?” ಎಂದರು ಈಶ್ವರಪ್ರಸಾದ ಮಾಷ್ಟ್ರು.

ಸುಪ್ರೀತಾ ಮೌಸಿನ ಮೇಲೆ ಬೆರಳಿಟ್ಟುಕೊಂಡೇ ಪರದೆಯನ್ನು ನೋಡಿದಳು. ಒಂದು ಕಾಲದಲ್ಲಿ ಮಾಷ್ಟ್ರ ಶಿಷ್ಯೆಯಾಗಿದ್ದ ಅವಳು ಈಗ ಹೈಸ್ಕೂಲಿನಲ್ಲಿ ಟೀಚರ್; ಶಾಲೆಯ ಕಂಪ್ಯೂಟರುಗಳ ಉಸ್ತುವಾರಿಯೂ ಅವಳದೇ. ಮಾಷ್ಟ್ರ ಮನೆಯ ಕಂಪ್ಯೂಟರಿಗೆ ಅದನ್ನು ನಡೆಸುವ ಲಿನಕ್ಸ್ ಸಿಸ್ಟಮ್ಮಿನ ಹೊಸ ಆವೃತ್ತಿ ಹಾಕಿಕೊಡಲು ಶನಿವಾರ ಮಧ್ಯಾಹ್ನ ಅವರ ಊರು ಬಂದ್ಯೋಡಿಗೆ ಬಂದಿದ್ದಳು. ಹಳೆಯದರಲ್ಲಿ ಒತ್ತಕ್ಷರಗಳು ತಮ್ಮ ಜಾಗ ಬಿಟ್ಟು ಪಕ್ಕಕ್ಕೆ ಹೋಗಿ ಕೂರುತ್ತಿದ್ದವು. ಭಜನಾ ಮಂದಿರಕ್ಕೆಂದು ಮಾಷ್ಟ್ರು ಟೈಪು ಮಾಡಿಕೊಟ್ಟ ಸ್ತೋತ್ರವನ್ನು ಓದಿದವರು ತಡವರಿಸಿ, ದೇವರಿಗೆ ಇಲ್ಲದ ಹೆಸರುಗಳನ್ನೆಲ್ಲ ಇಟ್ಟಿದ್ದರು.

ಹೊಸದನ್ನು ಹಾಕಬೇಕಾದರೆ ಹಳೆಯದನ್ನು ಅಳಿಸಬೇಕು. ಆದರೆ ತಮ್ಮ ಫೈಲುಗಳೂ ಹೋದಾವೆಂಬ ಹೆದರಿಕೆ ಮಾಷ್ಟ್ರಿಗೆ ಇರಲಿಲ್ಲ. ಸರ್ವೀಸಿನ ಕೊನೆಯ ವರ್ಷದ ತರಬೇತಿಯಲ್ಲಿ, ಲಿನಕ್ಸಿನಲ್ಲಿ ಡಿಸ್ಕನ್ನು ಪಾಲು ಮಾಡಿ ಒಂದೊಂದು ಬಗೆಯ ಫೈಲುಗಳನ್ನು ಒಂದೊಂದು ಪಾಲಿನಲ್ಲಿ ಇಡಬಹುದು ಎಂದು ಕೇಳಿದ ದಿನವೇ ಅವರಿಗೆ ಅದರ ಮೇಲೆ ಭಕ್ತಿ ಹುಟ್ಟಿತ್ತು. ಮಡಿ ಗೊತ್ತಿದ್ದ ಯಾರೋ ಇದನ್ನು ಮಾಡಿರಬೇಕು ಎಂದು ಅವರ ನಂಬಿಕೆ. ಸಿಸ್ಟಮ್ಮಿನ ಬುಡವಾದ ರೂಟ್ ದೇವರ ಕೋಣೆ. ಪ್ರೋಗ್ರಾಮುಗಳಿರುವ ಯುಎಸ್ಆರ್ ಉಗ್ರಾಣ. ತಮ್ಮ ಬರಹಗಳನ್ನು ಇಡುವ ಹೋಮ್ ಚಾವಡಿ, ಅಂದರೆ ಮನೆಯ ಹಜಾರ. ಯಂತ್ರ ತನ್ನಷ್ಟಕ್ಕೆ ಬರೆದು ಬಿಸಾಡುವ ಚೂರುಪಾರುಗಳೆಲ್ಲ ಬೀಳುವ ‘ವಾರ್’ ಎಂಜಲು ಪಾತ್ರೆ ತೊಳೆಯುವ ಮುಸುರೆ ಬದಿ. ಪಾಲುಗಳಿಗೆ ಹಾಗೆಯೇ ಹೆಸರನ್ನೂ ಕೊಟ್ಟಿದ್ದರು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಮುಸುರೆ’ ಎಂದು ಕಂಡು ಸುಪ್ರೀತಾ ನಗು ತಡೆದುಕೊಂಡಳು.

“ನಮ್ಮ ಶಾಲೆಯಲ್ಲಿ ಎಲ್ಲ ಒಟ್ಟಿಗೇ, ಮಾಷ್ಟ್ರೇ. ಹೆಚ್ಚಂದ್ರೆ ಹೋಮ್ ಒಂದು ಬೇರೆ.”

“ಅದಕ್ಕೇ ನಿಮ್ಮ ಶಾಲೆಯ ಕಂಪ್ಯೂಟರಿಗೆ ವಾರಕ್ಕೊಮ್ಮೆ ಸೂತಕ.”

ಕಂಪ್ಯೂಟರ್ ಇದ್ದ ಚಾವಡಿಯ ಬಾಗಿಲ ಬಳಿಯ ಬೆಂಚಿನಲ್ಲಿ ಚೆನ್ನಪ್ಪ ಕುಳಿತಿದ್ದ. ಜಂಕ್ಷನ್ನಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನು, ಮಾಷ್ಟ್ರ ಹಳೆಯ ಗೆಳೆಯ. ಮಧ್ಯಾಹ್ನದ ಬಿಸಿಲಿಗೆ ಯಾರೂ ಸೈಕಲ್ ತರುವುದಿಲ್ಲವೆಂದು ಇಲ್ಲಿಗೆ ಬಂದಿದ್ದ.

“ನಮ್ಮ ಮನೆಯಲ್ಲಿಯೂ ಪಾಲಾಯ್ತು,” ಎಂದ ಅವನು. “ಒಂದು ಒಲೆ ಇದ್ದದ್ದು ಮೂರಾಯ್ತು. ಸಾರು ನೀರಾದದ್ದು ಬಿಟ್ರೆ ಬೇರೆ ಎಂತದೂ ಕಾಣ್ಲಿಲ್ಲ.”

“ನಿನಗೆ ಕಾಣುವುದೇ ಸಾರು, ಮಾರಾಯ.”

ಸುಪ್ರೀತಾ ಗುರುತು ಹಾಕಿ ಮುಗಿಸಿದಳು. “ರೂಟ್, ಯುಎಸ್ಆರ್, ವಾರ್ ಮೂರನ್ನೂ ಅಳಿಸ್ತೇನೆ. ಹೋಮ್ ಮುಟ್ಟುದಿಲ್ಲ. ಒತ್ತಿದ ಮೇಲೆ ಹಿಂದೆ ಬರ್ಲಿಕ್ಕೆ ಆಗುದಿಲ್ಲ, ಹಾಂ.”

“ಒತ್ತು ಮಗಾ.”

“ಹೊಸದರಲ್ಲಿ ಆ ಬಿಲ್ಲೆ ಆಟ ಉಂಟಾ?” ಚೆನ್ನಪ್ಪ ಕೇಳಿದ. “ಸೌದಾಮಿನಿ ಅಕ್ಕ ಆಡ್ತಿದ್ದದ್ದು?”

ಸೌದಾಮಿನಿ ಮಾಷ್ಟ್ರ ಹೆಂಡತಿ. ತೀರಿಹೋದ ಅವರ ವರ್ಷಾಂತಿಕ ಮುಗಿದು ತಿಂಗಳಾಗಿತ್ತು. ಮೊದಮೊದಲು ಈ ಯಂತ್ರವನ್ನು ಕಂಡರೆ ಸೌದಾಮಿನಿಗೆ ಆಗುತ್ತಿರಲಿಲ್ಲ. ಆಮೇಲೆ ಒಂದು ದಿನ ಅದರೊಳಗೆ ಆ ಆಟ ಸಿಕ್ಕಿತು. ರಾಶಿಯಿಂದ ಒಂದೇ ಚಿತ್ರದ ಎರಡೆರಡು ಬಿಲ್ಲೆಗಳನ್ನು ಹುಡುಕಿ ತೆಗೆಯಬೇಕು. ಬೇಗ ಖಾಲಿ ಮಾಡಿದವರು ಗೆದ್ದಂತೆ. ಊಟದ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಕುರ್ಚಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರೆ ಅವರನ್ನು ಮಾತಾಡಿಸುವಂತಿರಲಿಲ್ಲ. ಗಂಡಹೆಂಡಿರ ಲಾಗಿನ್ನನ್ನೂ ಮಾಷ್ಟ್ರು ಬೇರೆ ಬೇರೆ ಮಾಡಿದ್ದರಿಂದ ಗೆದ್ದವರ ಪಟ್ಟಿಯಲ್ಲಿ ಆಕೆಯ ಹೆಸರೇ ಬೀಳುತ್ತಿತ್ತು. ಮೇಲಿನಿಂದ ಕೆಳಗಿನವರೆಗೆ ಸೌದಾಮಿನಿ, ಸೌದಾಮಿನಿ. ಎಲ್ಲದಕ್ಕಿಂತ ಕೆಳಗೆ ಒಮ್ಮೆ ಈಶ್ವರಪ್ರಸಾದ. “ಒಂದು ಮೆಟ್ಟಿಲಾದರೂ ಹತ್ತಿ,” ಎಂದು ಆಕೆ ಊಟ ಬಡಿಸುವಾಗ ಚುಚ್ಚುವುದಿತ್ತು. ಈ ಒಂದು ವರ್ಷ ಮಾಷ್ಟ್ರು ಆಟವಾಡಲಿಲ್ಲ. ಆದರೆ ಕಂಪ್ಯೂಟರ್ ನಿಲ್ಲಿಸುವ ಮೊದಲು ದಿನಾ ಆ ಪಟ್ಟಿಯನ್ನು ತೆರೆದು ನೋಡಿ ಮುಚ್ಚುತ್ತಿದ್ದರು.

“ಆಟ ಉಂಟು. ಆದರೆ ಹಳೆ ಸ್ಕೋರ್ ಇರ್ಲಿಕ್ಕಿಲ್ಲ,” ಎಂದಳು ಸುಪ್ರೀತಾ.

“ಅದು ಚಾವಡಿಯಲ್ಲಿ ಇರ್ತದಲ್ಲ?” ಮಾಷ್ಟ್ರು ಕೇಳಿದರು. “ಹೋಮ್‌ನಲ್ಲಿ?”

“ಇಲ್ಲ ಮಾಷ್ಟ್ರೇ. ಸ್ಕೋರು ಒಬ್ಬರದ್ದಲ್ಲ, ಮನೆಯಲ್ಲಿ ಆಡುವ ಎಲ್ಲರಿಗೂ ಕಾಣ್ಬೇಕು. ಹಾಗೆ ಅದನ್ನು ವಾರ್‌ನಲ್ಲಿ ಇಡುದು.”

ಮಾಷ್ಟ್ರು ಎದ್ದು ಹೋಗಿ ಗೋಡೆಯ ಮೈನ್ ಸ್ವಿಚ್ಚನ್ನು ಆರಿಸಿಬಿಟ್ಟರು. ಫ್ಯಾನು ನಿಂತಿತು. ಟ್ಯೂಬ್‌ಲೈಟು ಹೋಯಿತು. ಯುಪಿಎಸ್ ಇದ್ದ ಕಂಪ್ಯೂಟರ್ ಮಾತ್ರ ಏನೂ ಆಗದಂತೆ ಉರಿಯುತ್ತ, ಕುಂಯ್ ಕುಂಯ್ ಎಂದು ಕೂಗತೊಡಗಿತು.

“ನಾನು ಇನ್ನೂ ಒತ್ಲಿಲ್ಲ,” ಎಂದಳು ಸುಪ್ರೀತಾ ಮೆಲ್ಲನೆ.

“ಸ್ವಿಚ್ ಹಾಕಿ ಮಾಷ್ಟ್ರೇ,” ಎಂದ ಚೆನ್ನಪ್ಪ. “ಸೆಕೆ.”

ಮಾಷ್ಟ್ರು ಸ್ವಿಚ್ ಹಾಕಿ ಬಂದರು. “ಹಾಗಾದರೆ ಅದನ್ನು ತೊಳೆಯುವುದು ಬೇಡ. ಹಾಗೇ ಇರಲಿ.”

“ಹಾಗೇ ಇಟ್ರೆ ಹಳೆ ಸಿಸ್ಟಮ್ಮಿನ ಕಸ ಎಲ್ಲ ಹೊಸದಕ್ಕೆ ತೊಡಕಾಗ್ತದೆ. ಆ ಒಂದು ಫೈಲನ್ನು ಚಾವಡಿಯಲ್ಲಿ ತೆಗೆದಿಡುವ. ಕೆಲಸ ಮುಗಿದ ಮೇಲೆ ವಾಪಸು ಅಲ್ಲೇ ಹಾಕುವ.”

ಮಾಷ್ಟ್ರು ಯೋಚಿಸಿದರು. “ಮುಸುರೆಯಿಂದ ನೇರ ಚಾವಡಿಗೆ?”

“ಅಕ್ಕನ ಹೆಸರು ಇಷ್ಟು ದಿನ ಮುಸುರೆಯಲ್ಲಿತ್ತಲ್ಲ, ಆಗ ನಿಮಗೆ ಎಂತದೂ ಆಗ್ಲಿಲ್ವಾ?” ಎಂದ ಚೆನ್ನಪ್ಪ.

ಮಾಷ್ಟ್ರು ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ತೀರ್ಥದ ಗಿಂಡಿ, ಉದ್ಧರಣೆಯ ಚಮಚ ಇದ್ದವು. ಸುಪ್ರೀತಾ ಎರಡೂ ಕೈಗಳನ್ನು ಕೀಬೋರ್ಡಿನ ಮೇಲೆ ಹರಡಿದಳು.

“ನೀರು ಬೇಡ ಮಾಷ್ಟ್ರೇ. ನಿಮ್ಮ ದಮ್ಮಯ್ಯ.”

ಅವರು ಮೇಜಿನ ಕಾಲಿಗೊಂದು ಹನಿ ಹಾಕಿ, ಉಳಿದದ್ದನ್ನು ತಮ್ಮ ತಲೆಗೇ ಪ್ರೋಕ್ಷಿಸಿಕೊಂಡರು. ಚೆನ್ನಪ್ಪನೂ ಎದ್ದು ಬಂದು ಕೈ ಒಡ್ಡಿದ. ಅವನಿಗೂ ಒಂದು ಉದ್ಧರಣೆ ತೀರ್ಥ ಸಿಕ್ಕಿತು.

ಸುಪ್ರೀತಾ ವಾರ್ ಪಾಲನ್ನು ತೆರೆದು ಹುಡುಕಿದಳು. ಎಷ್ಟೋ ಫೋಲ್ಡರುಗಳ ನಡುವೆ ಆಟದ್ದೂ ಒಂದಿತ್ತು. ಅದರೊಳಗೆ ಆ ಫೈಲು. ಅದನ್ನು ಹೋಮ್‌ಗೆ ನಕಲು ಮಾಡಿ, ತೆರೆದು ತೋರಿಸಿದಳು. ಮಾಷ್ಟ್ರು ಕನ್ನಡಕ ಒರೆಸಿ ಸಾಲುಸಾಲಾಗಿ ಓದಿ, “ಹ್ಞೂಂ,” ಎಂದರು. ಆಮೇಲೆ ಅವಳು ಒತ್ತಿದಳು.

ಬಿಸಿಲು ಇಳಿಯುವಾಗ ಹೊಸ ಸಿಸ್ಟಮ್ ಎದ್ದಿತು. ಸ್ತೋತ್ರದ ಒತ್ತಕ್ಷರಗಳು ಬುಡದಲ್ಲಿ ವಿನಯದಿಂದ ಕುಳಿತಿದ್ದವು. ಮಾಷ್ಟ್ರು ಅದನ್ನು ಸರಿಯಾಗಿ ನೋಡಲೂ ಇಲ್ಲ. ಸುಪ್ರೀತಾ ಫೈಲನ್ನು ಅದರ ಜಾಗದಲ್ಲಿ ಹಾಕಿ, ಆಟ ತೆರೆದು, ಪಟ್ಟಿಯನ್ನು ಒತ್ತಿದಳು. ಮೇಲಿನಿಂದ ಕೆಳಗಿನವರೆಗೆ ಸೌದಾಮಿನಿ. ಎಲ್ಲದಕ್ಕಿಂತ ಕೆಳಗೆ ಈಶ್ವರಪ್ರಸಾದ.

“ಮಾಷ್ಟ್ರು ಹೊಸದರಲ್ಲಿಯೂ ಅಡಿಯಲ್ಲೇ,” ಎಂದ ಚೆನ್ನಪ್ಪ.

“ವಾರ್ ಪಾಲಿಗೆ ಹೆಸರು ಎಂತ ಕೊಡುದು ಮಾಷ್ಟ್ರೇ? ಮುಸುರೆ ಅಂತಲೇ?” ಸುಪ್ರೀತಾ ಕೇಳಿದಳು.

“ಬೇಡ. ಖಾಲಿ ಬಿಡು.”

ಇಬ್ಬರೂ ಚಹಾ ಕುಡಿದು ಹೊರಟರು. ಹೈವೇಯಲ್ಲಿ ಬಸ್ಸು ಹಾರ್ನು ಹಾಕಿತು. ಮಾಷ್ಟ್ರು ಕುರ್ಚಿಯಲ್ಲಿ ಕುಳಿತು, ಒಂದು ವರ್ಷದ ಮೇಲೆ ಮೊದಲ ಸಲ ಆಟ ಶುರು ಮಾಡಿದರು. ಅಂದು ಕಣ್ಣು ಹೋದಲ್ಲೆಲ್ಲ ಜೋಡಿ ಸಿಗುತ್ತಿತ್ತು. ರಾಶಿ ಕರಗುತ್ತ ಬಂದು, ಒಂದೇ ಚಿತ್ರದ ಎರಡು ಬಿಲ್ಲೆಗಳು ಉಳಿದವು. ಅವರು ಮೂಲೆಯ ಗಡಿಯಾರವನ್ನು ನೋಡಿದರು. ಸೌದಾಮಿನಿ ಎಂದೂ ಇಷ್ಟು ಬೇಗ ಮುಗಿಸಿರಲಿಲ್ಲ.

ಮೌಸಿನಿಂದ ಕೈ ತೆಗೆದು ಎದ್ದರು. ಕೈಕಾಲು ತೊಳೆದು, ದೇವರ ಕೋಣೆಗೆ ಹೋಗಿ ದೀಪ ಹಚ್ಚಿ, ಜಪಕ್ಕೆ ಕುಳಿತರು. ಚಾವಡಿಯಲ್ಲಿ, ಪರದೆಯ ಮೇಲೆ, ಎರಡು ಬಿಲ್ಲೆಗಳು ಹಾಗೆಯೇ ಇದ್ದವು; ಆಟದ ಗಡಿಯಾರ ಓಡುತ್ತಲೇ ಇತ್ತು.