ಹೊಸ ಹಿಮದಲ್ಲಿ ಒಂದು ಕೂಗು

ನನ್ನ ಗಂಡ ರಾನ್ಸನ್‌ಗೆ ಹಿಮದ ಹುಚ್ಚು ಹಿಡಿದದ್ದು ಕುವೈತಿನಲ್ಲಿ. ಹೇಳಿದರೆ ಜನ ನಗುತ್ತಾರೆ. ಜೂನ್ ತಿಂಗಳಲ್ಲಿ ಕಾರಿನ ಸ್ಟೀರಿಂಗ್ ಮುಟ್ಟಿದರೆ ಕೈ ಸುಡುವ ಊರಿನಲ್ಲಿ ಕೂತು ಅವನು ಜಾರ್ಜಿಯಾ ದೇಶದ ಬೆಟ್ಟಗಳಲ್ಲಿ ಸ್ಕೀ ಮಾಡುವವರ ವಿಡಿಯೋ ನೋಡುತ್ತಿದ್ದ. ಬಂಟ್ವಾಳದಲ್ಲಿ ಹುಟ್ಟಿದ ಮನುಷ್ಯ. ಮದುವೆಗೆ ಮುಂಚೆ ಅವನು ಕಂಡಿದ್ದ ಹಿಮವೆಂದರೆ ಫ್ರಿಜ್ಜಿನ ಮೇಲಿನ ಖಾನೆಯದ್ದು ಮಾತ್ರ.

ಈ ರೋಗ ಅಂಟಿಸಿದ್ದು ಅವನ ಕಂಪೆನಿಯ ಒಬ್ಬ ಲೆಬನಾನಿ ಇಂಜಿನಿಯರ್. ರಾನ್ಸನ್ ಅಹ್ಮದಿಯಲ್ಲಿ ಎಣ್ಣೆ ಪೈಪುಗಳ ರಿಪೇರಿ ತಂಡದಲ್ಲಿದ್ದ. ಬಾಗಲಕೋಟೆ ಕಡೆಯ ಪ್ರವೀಣನೂ ಅದೇ ತಂಡ. ಫೆಬ್ರವರಿಯಲ್ಲಿ ಕುವೈತಿನ ರಾಷ್ಟ್ರೀಯ ದಿನದ ರಜೆಯಲ್ಲಿ ಇಬ್ಬರೂ ಆ ಇಂಜಿನಿಯರನ ಜೊತೆ ಒಮ್ಮೆ ಜಾರ್ಜಿಯಾಕ್ಕೆ ಹೋದರು. ಆಮೇಲೆ ಪ್ರತಿ ವರ್ಷ ಅವರಿಬ್ಬರೇ ಹೋದರು.

ವಾಪಸ್ ಬಂದ ಮೇಲೆ ನಮ್ಮ ಅಬು ಹಲೀಫಾದ ಫ್ಲಾಟಿನಲ್ಲಿ ಒಂದು ವಾರ ಅದೇ ಪುರಾಣ. ರಾತ್ರಿಯೆಲ್ಲ ಬಿದ್ದ ಹೊಸ ಹಿಮಕ್ಕೆ ಅವರು ಪೌಡರ್ ಅನ್ನುತ್ತಿದ್ದರು. ನನಗೆ ಗೊತ್ತಿದ್ದ ಪೌಡರ್ ಮುಖಕ್ಕೆ ಹಚ್ಚುವಂಥದ್ದು. "ಹಾಗಲ್ಲ ಲೊರೈನ್, ಆಗಷ್ಟೇ ಬೀಸಿದ ಅಕ್ಕಿಹಿಟ್ಟಿನ ಹಾಗೆ ಇರ್ತದೆ" ಎಂದು ರಾನ್ಸನ್ ಅಂಗೈ ಒಡ್ಡಿ ತೋರಿಸುತ್ತಿದ್ದ. ಅದರ ಮೇಲೆ ಜಾರುವಾಗ ಸದ್ದೇ ಇರುವುದಿಲ್ಲವಂತೆ. ಕಾಲ ಕೆಳಗೆ ನೆಲ ಇದೆಯೋ ಇಲ್ಲವೋ ತಿಳಿಯುವುದಿಲ್ಲವಂತೆ. ಪ್ಲಾಂಟಿನ ಪಂಪುಗಳ ಗದ್ದಲದಲ್ಲಿ ಅರ್ಧ ಕಿವುಡಾದ ಮನುಷ್ಯ ಆ ಮೌನದ ಬಗ್ಗೆ ಹೇಳುವಾಗ ದನಿಯನ್ನೇ ತಗ್ಗಿಸುತ್ತಿದ್ದ.

ಅದೇ ಬಾಯಲ್ಲಿ ಬೈಯುತ್ತಲೂ ಇದ್ದ. ಬಿದ್ದರೆ ಸ್ಕೀ ಕಾಲಿನಿಂದ ಕಳಚಿ ಹಿಮದೊಳಗೆ ಮುಳುಗಿ ಹೋಗುತ್ತದೆ, ಕೋಲಿನಿಂದ ಚುಚ್ಚಿ ಚುಚ್ಚಿ ಹುಡುಕಬೇಕು. ಏಳಲು ಕೈ ಊರಿದರೆ ಕೈ ಭುಜದವರೆಗೆ ಒಳಗೆ. ಕನ್ನಡಕ ಮಂಜಾಗುತ್ತದೆ, ತೊಡೆ ಉರಿಯುತ್ತದೆ. ಎಲ್ಲಕ್ಕಿಂತ ಸಿಟ್ಟು ಬರಿಸುವುದೆಂದರೆ, ಹಿಮ ಚೆನ್ನಾಗಿ ಬಿದ್ದ ದಿನವೇ ಗಾಳಿ ಅಂತ ಬೆಟ್ಟಕ್ಕೆ ಹತ್ತಿಸುವ ಲಿಫ್ಟ್ ಬಂದ್ ಮಾಡುತ್ತಾರೆ. "ಇಷ್ಟು ಕಷ್ಟಪಡಲಿಕ್ಕೆ ಅಷ್ಟು ದೂರ ಯಾಕೆ? ನನ್ನ ವಾರ್ಡಿನಲ್ಲಿ ಒಂದು ದಿನ ನರ್ಸ್ ಆಗಿ ನೋಡು" ಎನ್ನುತ್ತಿದ್ದೆ. ಅವನು ನಗುತ್ತಿದ್ದ.

ಈ ಫೆಬ್ರವರಿಯಲ್ಲಿ ಅಲ್ಲಿ ಎರಡು ದಿನ ಬಿಡದೆ ಹಿಮ ಬಿತ್ತು. ಮೂರನೆಯ ಬೆಳಿಗ್ಗೆ ಬಿಸಿಲು ಬಂದಾಗ ಇಬ್ಬರೂ ಸ್ಕೀ ಮಾಡಲು ಗುರುತಿಸಿದ ದಾರಿ ಬಿಟ್ಟು ಪಕ್ಕದ ಇಳಿಜಾರಿಗೆ ಹೋದರು. ಪ್ರವೀಣ ಮುಂದೆ, ರಾನ್ಸನ್ ಹಿಂದೆ. ರಾನ್ಸನ್ ಒಂದು ಕೊರಕಲಿನಲ್ಲಿ ಬಿದ್ದ, ಮೇಲಿನಿಂದ ಹಿಮ ಜರಿದು ಅವನನ್ನು ಮುಚ್ಚಿತು. ಅಗೆದು ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನಗೆ ಸಿಕ್ಕ ಸುದ್ದಿ ಇಷ್ಟೇ.

ಊರಿನಲ್ಲಿ ಮಣ್ಣು ಮಾಡಿ, ಮಗಳು ಜಾನಿಸಳ ಶಾಲೆಗಾಗಿ ಕುವೈತಿಗೆ ಮರಳಿದೆ. ಪರಿಚಯದವರೆಲ್ಲ ಬಂದು ಹೋದರು. ಪ್ರವೀಣ ಬರಲಿಲ್ಲ. ಫೋನ್ ಎತ್ತಲಿಲ್ಲ. ನಮ್ಮ ಮನೆಯ ಬಾಗಿಲು ಬಡಿಯದೆ ಶುಕ್ರವಾರದ ಒಂದು ರಜೆಯನ್ನೂ ಕಳೆಯದಿದ್ದವನು ಅಂಗಡಿಯಲ್ಲಿ ನನ್ನನ್ನು ಕಂಡು ಅಕ್ಕಿಚೀಲಗಳ ಹಿಂದೆ ಸರಿದ. ನನಗೆ ತಲೆ ಕೆಟ್ಟಿತು. ಕೊನೆಯ ಹೊತ್ತಿನಲ್ಲಿ ನನ್ನ ಗಂಡನ ಹತ್ತಿರ ಇದ್ದವನು ಇವನೊಬ್ಬನೇ. ಅವನು ಏನು ಕಂಡ, ಏನು ಕೇಳಿದ ಎಂದು ತಿಳಿಯದೆ ನನಗೆ ಊಟ ಇಳಿಯುತ್ತಿರಲಿಲ್ಲ. ಕೊನೆಗೆ ಅವನ ಹೆಂಡತಿ ಶ್ರುತಿಗೆ ಫೋನ್ ಮಾಡಿ, "ನಿನ್ನ ಗಂಡನನ್ನು ಕರ್ಕೊಂಡು ಬಾ, ಇಲ್ಲದಿದ್ರೆ ನಾನೇ ಬಂದು ನಿಮ್ಮ ಬಾಗಿಲಲ್ಲಿ ಕೂರ್ತೇನೆ" ಎಂದೆ.

ಶುಕ್ರವಾರ ನಾವು ಇಗರ್ಜಿಯ ಪೂಜೆ ಮುಗಿಸಿ ಬಂದ ಮೇಲೆ ಇಬ್ಬರೂ ಬಂದರು. ಬೈಯಲು ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಪ್ರವೀಣನ ಮುಖ ನೋಡಿ ಅರ್ಧ ಮರೆತುಹೋಯಿತು. ಅಂಗಿ ಹ್ಯಾಂಗರಿಗೆ ಹಾಕಿದಂತೆ ನೇತಾಡುತ್ತಿತ್ತು. ಜಾನಿಸ್ ಒಳಕೋಣೆಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದಳು.

"ಇವ್ರು ಕೆಲಸದಾಗ ವಾಕಿಟಾಕಿ ಮುಟ್ಟವಲ್ಲರಿ ಅಕ್ಕಾರ. ರಾಜೀನಾಮೆ ಕೊಡ್ತೀನಿ ಅಂತಾರ" ಎಂದಳು ಶ್ರುತಿ.

"ಅದು ಮತ್ತೆ ಮಾತಾಡುವ. ಪ್ರವೀಣ, ಅಲ್ಲಿ ಎಂತ ಆಯ್ತು ಅಂತ ನೀನು ನನಗೆ ಹೇಳ್ಬೇಕು" ಎಂದೆ.

ಅವನು ನೆಲ ನೋಡುತ್ತಾ ಹೇಳಿದ. "ನಾ ತಿರುವು ದಾಟಿದ್ದೆ ವೈನೀ. ಅಣ್ಣ ಕಾಣ್ತಿರಲಿಲ್ಲ, ದನಿ ಅಷ್ಟ ಬಂತು. ಖಲಾಸ್ ಅಂತ ಒದರಿದ್ರು. ಎರಡು ಸಲ."

"ಆಮೇಲೆ?"

"ಪ್ಲಾಂಟಿನ್ಯಾಗ ನಟ್ ಬಿಗಿದು ಮುಗಿದ್ರ ಅಣ್ಣ ವಾಕಿಟಾಕಿಯೊಳಗ ಖಲಾಸ್ ಅಂತಿದ್ರು. ಇಲ್ಲಿ ಆತು, ನೀ ಮುಂದ ನಡಿ ಅಂತ ಅರ್ಥ. ಇಷ್ಟು ವರ್ಷ ಅದನ್ನ ಕೇಳೇ ನಾ ವಾಲ್ವ್ ತೆಗೆದೀನಿ, ಮುಚ್ಚೀನಿ. ಅವತ್ತೂ ಹಂಗ ಕೇಳಿಸ್ತು. ಇಳಿದು ಮುಗೀತು, ನೀ ನಡಿ ಅಂದ್ರು ಅಂತ ನಡದೆ." ಅವನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. "ಕೆಳಗ ಕುಂತು ಇಬ್ಬರಿಗೂ ಚಹಾ ತಗೊಂಡಿದ್ದೆ, ವೈನೀ. ಅಣ್ಣ ನನ್ನ ಕರದಿದ್ರೋ ಏನೋ? ಮನ್ಯಾಗ ಅವ್ರು ಖಲಾಸ್ ಅಂದ್ರ ಏನು? ನಿಮಗ ಗೊತ್ತಿರ್ತದ. ಅದನ್ನ ಕೇಳಾಕ ಹೆದರಿ ಬಂದಿರಲಿಲ್ಲ."

ಒಳಕೋಣೆಯಲ್ಲಿ ಪುಸ್ತಕದ ಹಾಳೆ ತಿರುಗುವ ಸದ್ದು ನಿಂತಿತು.

ನನಗೆ ಗೊತ್ತಿತ್ತು. ನಮ್ಮದು ಹಳೆಯ ಕಟ್ಟಡ, ಲಿಫ್ಟ್ ಕೆಡುವುದೇ ಹೆಚ್ಚು. ರಾನ್ಸನ್ ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ಇನ್ನು ಆಗುವುದಿಲ್ಲ ಎಂದಾದಾಗ ಅದನ್ನು ಮೆಟ್ಟಿಲ ಮೇಲಿಳಿಸಿ ಕೆಳಗಿನಿಂದಲೇ "ಖಲಾಸ್!" ಎಂದು ಕೂಗುತ್ತಿದ್ದ. ಆಗ ನಾನೂ ಜಾನಿಸಳೂ ಮಾಡುತ್ತಿದ್ದ ಕೆಲಸ ಬಿಟ್ಟು, ಅವನ ಕೈಗೆ ಕೈ ಕೊಡಲು ಓಡಬೇಕು. ನಮ್ಮ ಮನೆಯಲ್ಲಿ ಆ ಮಾತಿಗೆ ಬೇರೆ ಅರ್ಥವೇ ಇರಲಿಲ್ಲ.

ನನಗೆ ಕಿರುಚಬೇಕೆನಿಸಿತು. ಒಂದು ತಿರುವು ಹಿಂದಕ್ಕೆ ಹತ್ತಿದ್ದರೆ ಆಗುತ್ತಿರಲಿಲ್ಲವೇ ಎಂದು ಅವನ ಕಾಲರ್ ಹಿಡಿದು ಕೇಳಬೇಕೆನಿಸಿತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ವಾರ್ಡಿನಲ್ಲಿ ರೋಗಿಗಳ ಮನೆಯವರು ಹೀಗೆಯೇ ನೋಡುತ್ತಾರೆ. ನಾನು ಏನು ಹೇಳುತ್ತೇನೋ ಅದರ ಮೇಲೆ ಅವನ ಉಳಿದ ಬದುಕು ನಿಂತಿದೆ ಎಂದು ನನಗೆ ಅರ್ಥವಾಯಿತು.

"ಇಲ್ಲಿಯೂ ಅದೇ ಮಾರಾಯ. ಮುಗೀತು, ನೀವು ನಿಮ್ಮ ಕೆಲಸ ನೋಡಿ ಅಂತ. ನೀನು ಸರಿಯಾಗಿಯೇ ಕೇಳಿದ್ದು. ಹಿಮ ಜರಿದದ್ದು ಆಮೇಲೆ" ಎಂದೆ.

ಪ್ರವೀಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಶ್ರುತಿ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಹೋಗುವಾಗ ಅವನು ಬಾಗಿಲಲ್ಲಿ ನಿಂತು, ಮುಂದಿನ ಶುಕ್ರವಾರ ಬರುತ್ತೇನೆ ಎಂದ. ಬಾ ಎಂದೆ.

ಬಾಗಿಲು ಹಾಕಿ ತಿರುಗಿದರೆ ಜಾನಿಸ್ ನಿಂತಿದ್ದಳು. ಕನ್ನಡ ಅವಳಿಗೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಮಮ್ಮಾ, ವೈ ಡಿಡ್ ಯೂ ಲೈ ಟು ಅಂಕಲ್?"

"ಅಂಕಲ್ ತುಂಬ ಬೇಜಾರಲ್ಲಿದ್ದಾರೆ ಮಗಾ."

ಅವಳು ಮುಚ್ಚಿದ ಬಾಗಿಲ ಕಡೆ ನೋಡಿದಳು.

"ಡಾಡಾ ವಾಸ್ ಕಾಲಿಂಗ್ ಅಸ್, ನೋ?"

ಪ್ರವೀಣನ ಮುಂದೆ ಸಲೀಸಾಗಿ ಬಂದ ಸುಳ್ಳು ಈಗ ಬಾಯಿಗೆ ಬರಲಿಲ್ಲ. ಆ ಕೂಗಿಗೆ ಓಡಬೇಕಾದವರು ಈ ಲೋಕದಲ್ಲಿ ನಾವಿಬ್ಬರೇ ಇದ್ದೆವು, ಇಬ್ಬರೂ ಇಲ್ಲಿದ್ದೆವು.

"ಹೌದು ಮಗಾ" ಎಂದೆ. "ನಮ್ಮನ್ನೇ."